ಮಳೆಯ ನಾಡಿನಲ್ಲಿ ಮನೆಯ ಮರಗೆಲಸ: ಮೊದಲು ಮಣೆ, ಆಮೇಲೆ ಬೆಂಚು

ಬಂಟ್ವಾಳ ತಾಲ್ಲೂಕಿನ ಪೊಳಲಿ ರಾಜರಾಜೇಶ್ವರಿ ದೇವಸ್ಥಾನವು ಮೃಣ್ಮಯ ಮೂರ್ತಿಗೆ ಪ್ರಸಿದ್ಧವಾದುದು. ಆದರೆ ದರ್ಶನ ಮುಗಿಸಿ ಹೊರಬರುವಾಗ ತಲೆಯೆತ್ತಿ, ಮಾಡಿನ ಕೆಳಗಿನ ಮರದ ಕೆತ್ತನೆಯನ್ನು ನೋಡುವವರು ಕಡಿಮೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಮೂಡುಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೇಲಂತಸ್ತುಗಳಲ್ಲಿಯೂ ಮರದ ಕೆಲಸವಿದೆ. ಅದೇ ಊರಿನ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳನ್ನು ಕೆತ್ತಿದ ಮರದ ಕಂಬಗಳು ಇಂದಿಗೂ ನಿಂತಿವೆ.

ಇವೆಲ್ಲ ಇರುವುದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ. ಇಂಥ ತೇವದ ನಾಡಿನಲ್ಲಿ ಮರ ಶತಮಾನಗಳ ಕಾಲ ಬಾಳಿದೆ. ಅದೇ ನಾಡಿನಲ್ಲಿ, ಕಳೆದ ಬೇಸಿಗೆಯಲ್ಲಿ ಕೊಂಡ ಹುಡಿಹಲಗೆಯ ಕಪಾಟು ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿಸಿಕೊಂಡು ಮೂಲೆ ಸೇರುತ್ತದೆ. ತಾನೇ ಮಾಡಿಕೊಳ್ಳೋಣವೆಂದು ಹೊರಟವನ ಮೊದಲ ಮೇಜೂ ಅನೇಕ ವೇಳೆ ಇದೇ ಗತಿ ಕಾಣುತ್ತದೆ. ಜೂನ್‌ನಲ್ಲಿ ಬಾಗುತ್ತದೆ, ಜನವರಿಯಲ್ಲಿ ಸೀಳುತ್ತದೆ. ಕೈ ಪಳಗದಿರುವುದೇ ಇದಕ್ಕೆ ಕಾರಣವೆಂದು ಅವನು ಭಾವಿಸುತ್ತಾನೆ. ವಾಸ್ತವದಲ್ಲಿ ಬಹುಪಾಲು ತಪ್ಪು ನಡೆದಿರುವುದು ಗರಗಸ ಹಿಡಿಯುವುದಕ್ಕೂ ಮೊದಲೇ, ಮರದೊಳಗಿನ ನೀರಿನ ಲೆಕ್ಕದಲ್ಲಿ.

ಮರ ಉಸಿರಾಡುತ್ತದೆಯೆ?

ಮರ ಉಸಿರಾಡುತ್ತದೆ ಎಂಬುದು ರೂಢಿಯ ಮಾತು. ನಡೆಯುವುದಿಷ್ಟೆ: ಕಡಿದು ವರ್ಷಗಳು ಕಳೆದ ಮೇಲೂ ಮರದ ನಾರುಗಳು ಗಾಳಿಯ ತೇವವನ್ನು ಹೀರುತ್ತವೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತವೆ. ಹೀರಿದಾಗ ಮರ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಬದಲಾವಣೆ ಎಲ್ಲ ದಿಕ್ಕಿನಲ್ಲಿ ಒಂದೇ ತೆರನಾಗಿ ಆಗುವುದಿಲ್ಲ. ನಾರಿನ ಉದ್ದಕ್ಕೆ ಅದು ಇಲ್ಲವೆನ್ನುವಷ್ಟು ಅಲ್ಪ. ನಾರಿಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲದಲ್ಲಿ, ಅದು ಕಣ್ಣಿಗೆ ಕಾಣುವಷ್ಟಿರುತ್ತದೆ. ಒಂದಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಜಾತಿಗೆ ತಕ್ಕಂತೆ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾಗಬಲ್ಲುದು.

ಮರಗೆಲಸದ ಜೋಡಣೆಯ ಶಾಸ್ತ್ರವೆಲ್ಲ ಈ ಎರಡು ಮೂರು ಮಿಲಿಮೀಟರಿಗೆ ಜಾಗ ಬಿಡುವ ಶಾಸ್ತ್ರ. ಹಲಗೆಗೆ ಅಲುಗಲು ಅವಕಾಶವಿದ್ದರೆ ಅದು ಬಾಳುತ್ತದೆ. ಅವಕಾಶವಿಲ್ಲದಂತೆ ಅಂಟು ಹಾಕಿ ಮೊಳೆ ಜಡಿದರೆ, ತಾನೇ ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ.

ಯಾವ ಮರ?

ಹೊಸಬರು ಸಾಮಾನ್ಯವಾಗಿ ಕೇಳುವುದು ಸಾಗುವಾನಿಯನ್ನು. ಅದು ಉತ್ತಮ ಮರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲೆ ಹೆಚ್ಚು, ಕಲಿಯುವವನ ಕೈಯಲ್ಲಿ ಹಾಳಾದರೆ ನಷ್ಟವೂ ಹೆಚ್ಚು. ಕರಾವಳಿಯ ಮನೆಗಳು ಬಹುಕಾಲದಿಂದ ನೆಚ್ಚಿಕೊಂಡಿರುವ ಮರ ಹಲಸು. ಕೊಯ್ದಾಗ ಹಳದಿಯಾಗಿದ್ದು ವರ್ಷ ಕಳೆದಂತೆ ಕಂದುಬಣ್ಣಕ್ಕೆ ತಿರುಗುವ ಇದು ಉಳಿಗೆ ಒಗ್ಗುತ್ತದೆ, ಚೇಗಿಗೆ ಗೆದ್ದಲು ಬೇಗ ತಗುಲುವುದಿಲ್ಲ. ವೀಣೆ, ಮೃದಂಗಗಳಿಗೂ ಇದೇ ಮರ ಬಳಕೆಯಾಗುತ್ತದೆ. ತುಳುವಿನಲ್ಲಿ ಪೆಜ ಎನ್ನುವ ಹೆಬ್ಬಲಸು ಕೂಡ ಈ ಭಾಗದ ನಂಬಿಕೆಯ ಮರ. ಮಾವು ಅಗ್ಗವಾಗಿ ಸಿಗುತ್ತದೆಯಾದರೂ ಕುಟ್ಟೆಹುಳುವಿಗೆ ಸುಲಭವಾಗಿ ತುತ್ತಾಗುತ್ತದೆ.

ಯಾವ ಜಾತಿಯಾದರೂ ಕೊಳ್ಳುವಾಗ ಮೂರು ಸಂಗತಿಗಳನ್ನು ನೋಡಬೇಕು. ಒಳಗಿನ ಗಾಢ ಬಣ್ಣದ ಚೇಗು ಹೆಚ್ಚಿದ್ದು, ಹೊರಗಿನ ಬಿಳಿಯ ಭಾಗ ಕಡಿಮೆಯಿರಬೇಕು. ಕಾಂಡದ ನಟ್ಟನಡುವಿನ ಭಾಗ ಹಲಗೆಯಲ್ಲಿ ಇರಬಾರದು, ಸೀಳು ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಸೂಜಿತುದಿಯಂಥ ತೂತುಗಳಿದ್ದು ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಕುಟ್ಟೆ ಇನ್ನೂ ಜೀವಂತವಾಗಿದೆ ಎಂದರ್ಥ. ಅಂಥ ಮರವನ್ನು ಮನೆಯೊಳಗೆ ತರಬಾರದು.

ತೋಟದಲ್ಲಿ ಹಲಸಿನ ಮರವಿದೆ, ಕಡಿದರಾಯಿತು ಎಂದುಕೊಳ್ಳುವವರೂ ಇದ್ದಾರೆ. ಸ್ವಂತ ಜಮೀನಿನ ಮರವಾದರೂ ಹಲವು ಜಾತಿಗಳನ್ನು ಕಡಿಯಲು ಮತ್ತು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1976ರ ಮರಗಳ ಸಂರಕ್ಷಣಾ ಕಾಯ್ದೆ ಇದಕ್ಕೆ ಅನ್ವಯಿಸುತ್ತವೆ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು, ಮಿಲ್ಲಿನಿಂದ ಕೊಂಡರೆ ರಸೀದಿ ಪಡೆಯುವುದು ಕ್ಷೇಮ.

ಕೆಡವಿದ ಮನೆಯ ಸಂಪತ್ತು

ಹೊಸ ಮರಕ್ಕಿಂತ ಉತ್ತಮವಾದ ಮರ ಅನೇಕರ ಹಿತ್ತಿಲಲ್ಲೇ ಬಿದ್ದಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯುದ್ದಕ್ಕೂ ಹೆಂಚಿನ ಮನೆಗಳು ಎದ್ದವು. ಈಗ ಅವುಗಳ ಜಾಗದಲ್ಲಿ ತಾರಸಿ ಮನೆಗಳು ಬರುತ್ತಿವೆ. ಮನೆ ಕೆಡವಿದಾಗ ಪಕ್ಕಾಸು, ರೀಪು, ತೊಲೆ, ಮುಚ್ಚಿಗೆಯ ಹಲಗೆಗಳು ಹಳೆಯ ಸಾಮಾನಿನ ವ್ಯಾಪಾರಿಗೆ ಹೋಗುತ್ತವೆ ಇಲ್ಲವೆ ಒಲೆ ಸೇರುತ್ತವೆ. ಹಲವು ದಶಕ ಮಾಡಿನ ಕೆಳಗೆ ಒಣಗಿದ ಈ ಮರ ಹಿಗ್ಗಿ ಕುಗ್ಗಿ ಸ್ಥಿಮಿತಕ್ಕೆ ಬಂದಿರುತ್ತದೆ. ಅಜ್ಜನ ಮನೆಯ ಮುಚ್ಚಿಗೆ ಸೌದೆಯಾಗುವ ಬದಲು ಮೊಮ್ಮಗನ ಬೆಂಚಾಗಬಹುದು.

ಹಳೆಯ ಮರವನ್ನು ಬಳಸುವಾಗ ಎರಡು ಎಚ್ಚರಿಕೆ ಬೇಕು. ಒಳಗೆ ಮುರಿದುಕೊಂಡ ಮೊಳೆಗಳು ಉಳಿದಿರುತ್ತವೆ. ಬಲವಾದ ಅಯಸ್ಕಾಂತವನ್ನು ಮೇಲ್ಮೈಗೆ ಸವರಿ ಪತ್ತೆಹಚ್ಚಿ ತೆಗೆಯದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಅದನ್ನು ಮರಳುಕಾಗದದಿಂದ ಒಣದಾಗಿ ಉಜ್ಜಿ ಹುಡಿ ಎಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಂತೂ ಬಣ್ಣ ಬಳಿದ ಹಲಗೆಯನ್ನು ಬಿಟ್ಟುಬಿಡುವುದೇ ಮೇಲು.

ಹೊಸದಾಗಿ ಕೊಯ್ಸಿದ ಹಲಗೆಯಾದರೆ ಒಣಗಿಸುವ ತಾಳ್ಮೆ ಬೇಕು. ನೆಲದಿಂದ ಒಂದಡಿ ಎತ್ತರದಲ್ಲಿ, ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಬೇಕು. ಬಿಸಿಲಿಗಿಟ್ಟರೆ ಹೊರಮೈ ಮಾತ್ರ ಬೇಗ ಒಣಗಿ ಬಿರಿಯುತ್ತದೆ. ಒಣಗಿತೆಂದು ತಿಳಿಯಲು ಉಪಕರಣ ಬೇಕಿಲ್ಲ. ಒಂದು ಹಲಗೆಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗಿದರೆ ಸಾಕು. ಒಣಹವೆಯಲ್ಲಿಯೂ ತೂಕ ಇಳಿಯುವುದು ನಿಂತಾಗ ಮರ ಕೆಲಸಕ್ಕೆ ಸಿದ್ಧ.

ಆಯುಧಗಳು ಎಷ್ಟು?

ಕೈಗರಗಸ ಒಂದು, ಅರ್ಧ ಇಂಚು ಮತ್ತು ಒಂದಿಂಚಿನ ಎರಡು ಉಳಿ, ಕೊಡತಿ, ಕೀಸುಳಿ, ಮೂಲೆಮಟ್ಟ, ಅಳತೆಯ ಟೇಪು, ಕೈಡ್ರಿಲ್, ಎರಡು ಕ್ಲ್ಯಾಂಪ್, ಸಾಣೆಕಲ್ಲು. ಆರಂಭಕ್ಕೆ ಇಷ್ಟು ಸಾಕು. ಇವುಗಳಲ್ಲಿ ಹೊಸಬರು ಅಲಕ್ಷಿಸುವುದು ಸಾಣೆಕಲ್ಲನ್ನು. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಅದು ಜಾರುತ್ತದೆ. ಹೀಗಾಗಿ ಹರಿತವಾದ ಉಳಿಗಿಂತ ಮೊಂಡು ಉಳಿಯೇ ಅಪಾಯಕಾರಿ. 25ರಿಂದ 30 ಡಿಗ್ರಿ ಕೋನದಲ್ಲಿ ಸಾಣೆ ಹಿಡಿದು, ಕಾಗದದ ಅಂಚನ್ನು ಸದ್ದಿಲ್ಲದೆ ಸೀಳುವಂತಿರಬೇಕು. ಉಳಿ ಸಾಗುವ ದಾರಿಯಲ್ಲಿ ಇನ್ನೊಂದು ಕೈ ಇಡಬಾರದು. ಮರವನ್ನು ಕ್ಲ್ಯಾಂಪ್ ಹಿಡಿಯಲಿ, ಉಳಿಯನ್ನು ಕೈಗಳು ಹಿಡಿಯಲಿ.

ಕೆಲಸ ಬೇಗ ಮುಗಿಯಲೆಂದು ಲೋಹ ಕತ್ತರಿಸುವ ಗ್ರೈಂಡರಿಗೆ ಮರದ ಹಲ್ಲುಚಕ್ರ ತೊಡಿಸುವ ರೂಢಿ ಬೆಳೆದಿದೆ. ಮರಕ್ಕೆ ಸಿಕ್ಕಿಕೊಂಡ ಚಕ್ರವು ಯಂತ್ರವನ್ನು ಹಿಡಿದವನ ಮೈಮೇಲೆಯೇ ಎಸೆಯುತ್ತದೆ. ಹೊಸಬರು ಈ ಸಾಹಸಕ್ಕೆ ಇಳಿಯಲೇಬಾರದು. ಮರದ ಹುಡಿಯ ವಿಷಯದಲ್ಲೂ ಉದಾಸೀನ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮುಖಗವಸು ಧರಿಸಿ, ತೆರೆದ ಜಾಗದಲ್ಲಿ ಉಜ್ಜುವುದು ಒಳ್ಳೆಯದು.

ಮಣೆ ಕಲಿಸುವ ಪಾಠ

ಮೊದಲ ಪ್ರಯತ್ನಕ್ಕೆ ಮಂಚ, ಕಪಾಟುಗಳಿಗೆ ಕೈಹಾಕದೆ ಊಟದ ಮಣೆಯೊಂದನ್ನು ಮಾಡುವುದು ಲೇಸು. ಹದಿನೆಂಟು ಇಂಚು ಉದ್ದ, ಹನ್ನೆರಡು ಇಂಚು ಅಗಲ, ಒಂದಿಂಚು ದಪ್ಪದ ಹಲಗೆ. ಅದರಡಿಗೆ ಅಡ್ಡಲಾಗಿ ಎರಡು ಪಟ್ಟಿ. ನೋಡಲು ಇಷ್ಟು ಸರಳವಾದ ವಸ್ತುವಿನಲ್ಲಿ ಮರಗೆಲಸದ ಮುಖ್ಯ ಸಮಸ್ಯೆ ಅಡಗಿದೆ.

ಹಲಗೆಯ ನಾರು ಉದ್ದಕ್ಕೆ ಸಾಗುತ್ತದೆ, ಪಟ್ಟಿಯ ನಾರು ಅದಕ್ಕೆ ಅಡ್ಡ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಆದರೆ ಪಟ್ಟಿಯ ಉದ್ದ ಬದಲಾಗದು. ಪಟ್ಟಿಯನ್ನು ಉದ್ದಕ್ಕೂ ಅಂಟಿನಿಂದ ಕೂಡಿಸಿದರೆ ಇವೆರಡರ ಎಳೆದಾಟದಲ್ಲಿ ಹಲಗೆ ಬಾಗುತ್ತದೆ ಅಥವಾ ಸೀಳುತ್ತದೆ. ನುರಿತ ಬಡಗಿಯು ಹಲಗೆಯ ಅಡಿಯಲ್ಲಿ, ಒಳಗೆ ಅಗಲ ಬಾಯಿಗೆ ಕಿರಿದಾದ ಕಾಲುವೆ ತೆಗೆದು, ಅದೇ ಆಕಾರದ ಪಟ್ಟಿಯನ್ನು ಅಂಟಿಲ್ಲದೆ ಪಕ್ಕದಿಂದ ತೂರಿಸುತ್ತಾನೆ. ಹಲಗೆ ಬಾಗದಂತೆ ಪಟ್ಟಿ ಹಿಡಿಯುತ್ತದೆ, ಅಲುಗಲೂ ಬಿಡುತ್ತದೆ. ಅಷ್ಟು ಕೈಚಳಕವಿಲ್ಲದ ಹೊಸಬರಿಗೆ ಸುಲಭದ ದಾರಿಯಿದೆ. ಪ್ರತಿ ಪಟ್ಟಿಗೆ ಮೂರು ತಿರುಪು. ನಡುವಿನದಕ್ಕೆ ಸರಿಯಳತೆಯ ತೂತು, ಎರಡು ಕೊನೆಯವಕ್ಕೆ ಪಟ್ಟಿಯ ಉದ್ದದ ದಿಕ್ಕಿನಲ್ಲಿ ಕೊಂಚ ಉದ್ದನೆಯ ತೂತು. ಅಂಟು ಬೇಡ. ಹಿಗ್ಗಿದಾಗ ತಿರುಪುಗಳು ಆ ಉದ್ದ ತೂತಿನೊಳಗೆ ಜರುಗುತ್ತವೆ.

ಮಣೆಯಿಂದ ಬೆಂಚಿಗೆ

ಮಣೆ ಮಾಡಿದವನು ಬೆಂಚು ಮಾಡಬಲ್ಲ. ಮೂರಡಿ ಉದ್ದ, ಒಂದಡಿ ಅಗಲದ ಕೂರುವ ಹಲಗೆ, ಕಾಲುಗಳಾಗಿ ಒಂದಡಿ ಅಗಲದ ಎರಡು ಹಲಗೆ, ಅವುಗಳ ನಡುವೆ ಐದಿಂಚು ಅಗಲದ ಒಂದು ಅಡ್ಡಪಟ್ಟಿ. ದಪ್ಪ ಎಲ್ಲಕ್ಕೂ ಒಂದೂಕಾಲು ಇಂಚು.

ಮಿಲ್ಲಿನಲ್ಲಿ ಮರದ ಲೆಕ್ಕ ಘನ ಅಡಿಯಲ್ಲಿ ನಡೆಯುತ್ತದೆ. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಬೇಕು. ಕೂರುವ ಹಲಗೆಗೆ 0.31, ಒಂದೂವರೆ ಅಡಿಯ ಎರಡು ಕಾಲುಗಳಿಗೆ 0.31, ಮೂರಡಿಯ ಅಡ್ಡಪಟ್ಟಿಗೆ 0.13. ಒಟ್ಟು ಮುಕ್ಕಾಲು ಘನ ಅಡಿ. ಕೀಸುವಾಗ, ಕೊಯ್ಯುವಾಗ ಹೋಗುವ ಭಾಗವನ್ನು ಸೇರಿಸಿ ಒಂದು ಘನ ಅಡಿ ತಂದರೆ ಸಾಕು. ಈ ಲೆಕ್ಕ ಗೊತ್ತಿದ್ದವರಿಗೆ ಮಿಲ್ಲಿನಲ್ಲಿ ಬೆಲೆ ಕೇಳುವಾಗ ತಬ್ಬಿಬ್ಬಾಗಬೇಕಿಲ್ಲ.

ಕಾಲುಗಳನ್ನು ಹದಿನೇಳು ಇಂಚಿಗೆ ಕತ್ತರಿಸಿ, ನಾರು ಮೇಲಿನಿಂದ ಕೆಳಕ್ಕೆ ಸಾಗುವಂತೆ ನಿಲ್ಲಿಸಬೇಕು. ಕೂರುವ ಹಲಗೆಯ ಅಡಿಯಲ್ಲಿ, ಎರಡೂ ತುದಿಗಳಿಂದ ನಾಲ್ಕಿಂಚು ಒಳಗೆ, ಕಾಲಿನ ದಪ್ಪಕ್ಕೆ ಸರಿಯಾಗಿ ಕಾಲಿಂಚು ಆಳದ ಕಾಲುವೆ ತೆಗೆದು ಕಾಲನ್ನು ಕೂರಿಸಬೇಕು. ಬೆಂಚಿನ ಎತ್ತರ ಹದಿನೆಂಟು ಇಂಚಾಗುತ್ತದೆ. ಇಲ್ಲಿ ಅಂಟು, ತಿರುಪು ಎರಡನ್ನೂ ಬಳಸಬಹುದು. ಕೂರುವ ಹಲಗೆಯೂ ಕಾಲಿನ ಹಲಗೆಯೂ ಒಂದೇ ದಿಕ್ಕಿನಲ್ಲಿ, ಅಗಲಕ್ಕೆ, ಹಿಗ್ಗುವುದರಿಂದ ಮಣೆಯಲ್ಲಿದ್ದ ಎಳೆದಾಟ ಇಲ್ಲಿಲ್ಲ.

ಬೆಂಚು ಅತ್ತಿತ್ತ ವಾಲದಂತೆ ಹಿಡಿಯುವುದು ಅಡ್ಡಪಟ್ಟಿ. ಅದರ ಎರಡು ತುದಿಗಳನ್ನು ನಾಲಿಗೆಯಂತೆ ಕೆತ್ತಿ, ಕಾಲುಗಳಲ್ಲಿ ಅದೇ ಅಳತೆಯ ಕುಳಿ ತೆಗೆದು ತೂರಿಸಿ, ಬಿದಿರಿನ ಮೊಳೆ ಹೊಡೆಯಬೇಕು. ನಾಲಿಗೆಯನ್ನು ಗೆರೆಗಿಂತ ತುಸು ದಪ್ಪವಾಗಿ ಕೊಯ್ದು, ಉಳಿಯಿಂದ ಸವರುತ್ತ ಬಂದರೆ ಬಿಗಿಯಾಗಿ ಕೂರುತ್ತದೆ. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಮ್ಮೆ ಒಣದಾಗಿ ಜೋಡಿಸಿ, ಮೂಲೆಮಟ್ಟ ಹಿಡಿದು ನೋಡುವುದನ್ನು ಮರೆಯಬಾರದು. ಕಾಲಿನ ಹಲಗೆಯ ತಳದ ನಡುಭಾಗವನ್ನು ಕಮಾನಿನಂತೆ ತೆಗೆದರೆ ಬೆಂಚು ನಾಲ್ಕು ಮೂಲೆಗಳ ಮೇಲೆ ನಿಂತು ಅಲುಗುವುದು ಕಡಿಮೆಯಾಗುತ್ತದೆ.

ಕೊನೆಯ ಹಂತ ಎಣ್ಣೆ. ಪಕ್ಕಾಸು, ತೊಲೆಗಳಿಗೆ ಕರಾವಳಿಯಲ್ಲಿ ಬಳಿಯುವ ಗೇರೆಣ್ಣೆ ಕೂರುವ ಪೀಠಕ್ಕೆ ಸಲ್ಲದು, ಚರ್ಮಕ್ಕೆ ತಗುಲಿದರೆ ಹುಣ್ಣಾಗುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಸವರಬಹುದು. ಮೇಲ್ಭಾಗಕ್ಕೆ ಹಚ್ಚಿದಷ್ಟನ್ನೇ ಅಡಿಭಾಗಕ್ಕೂ ಹಚ್ಚಬೇಕು, ಒಂದೇ ಮಗ್ಗುಲು ತೇವ ಹೀರಿದರೆ ಹಲಗೆ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಹೊರಗೆ ಹರಡಿ ಒಣಗಿಸಬೇಕು.

ಕಲಿಯುವುದೆಲ್ಲಿ?

ಕ್ರಮಬದ್ಧ ತರಬೇತಿ ಬಯಸುವವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು. ಕೆತ್ತನೆಯನ್ನೇ ಬದುಕಾಗಿ ಆರಿಸಿಕೊಳ್ಳುವ ಯುವಕರಿಗೆ ಕಾರ್ಕಳ ಬಳಿಯ ಮಿಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಿದೆ. ಇವೆರಡಕ್ಕೂ ಮೊದಲು, ಊರಿನ ಆಚಾರಿಯೊಬ್ಬರ ಬಳಿ ಒಂದು ದಿನ ಕುಳಿತು ಅವರು ಸಾಣೆ ಹಿಡಿಯುವುದನ್ನು ನೋಡುವುದು ಹೆಚ್ಚಿನ ಪ್ರಯೋಜನ ತಂದೀತು. ತಾನು ಒಂದು ಮಣೆ ಮಾಡಿ ಬೆವರಿದವನು ಅವರ ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡಲು ಹಿಂಜರಿಯುತ್ತಾನೆ ಎಂಬುದೂ ಈ ಹವ್ಯಾಸದ ಲಾಭವೇ.

ಮೊದಲ ಮಣೆ ಮುಗಿದಾಗ ಅದರಡಿಯಲ್ಲಿ ಹಲಗೆಯ ಅಗಲವನ್ನೂ ದಿನಾಂಕವನ್ನೂ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯ ಪದ್ಧತಿ. ಆಟಿಯ ಮಳೆಯಲ್ಲೊಮ್ಮೆ, ಪೊಳಲಿ ಚೆಂಡಿನ ಬಿಸಿಲಿನಲ್ಲೊಮ್ಮೆ ಅದನ್ನು ಅಳೆದು ನೋಡಿದರೆ, ಆ ಮನೆಯಲ್ಲಿ ಆ ಮರ ಎಷ್ಟು ಅಲುಗುತ್ತದೆ ಎಂಬ ಲೆಕ್ಕ ಕೈಗೆ ಸಿಗುತ್ತದೆ. ಮುಂದೆ ಮಾಡುವ ಮೇಜಿಗೂ ಕಪಾಟಿಗೂ ಅದೇ ಅಳತೆ ಸಾಕು.