ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ರಕ್ಷಣಾ ಪರಿಶ್ರಮ

ಚೆಂಡು ಎದುರಾಳಿಯ ವಶದಲ್ಲಿರುವಾಗ ಅದನ್ನು ಮರಳಿ ಪಡೆಯಲು ಆಟಗಾರನು ಪಡುವ ಶ್ರಮವನ್ನು ರಕ್ಷಣಾ ಪರಿಶ್ರಮ ಎನ್ನುತ್ತಾರೆ. ಬೆನ್ನಟ್ಟುವುದು, ಟ್ಯಾಕಲ್ ಮಾಡುವುದು, ಒದೆತಕ್ಕೆ ಅಡ್ಡ ಬರುವುದು ಇದರಲ್ಲಿ ಸೇರಿವೆ. ಇದು ಹುಟ್ಟುಗುಣವೇ ಅಥವಾ ಕಲಿಸಬಹುದಾದ ವಿದ್ಯೆಯೇ ಎಂಬುದು ಯುವ ಆಟಗಾರರ ಆಯ್ಕೆಯಲ್ಲಿ ಮುಖ್ಯವಾದ ಪ್ರಶ್ನೆಯಾಗಿದೆ.

ಹಿನ್ನೆಲೆ

ಆಸ್ಟ್ರೇಲಿಯಾದ ಅಗ್ರ ಲೀಗ್ ಆದ ಎ.ಎಫ್.ಎಲ್.ನಲ್ಲಿ ಕ್ಲಬ್‌ಗಳು ಹೊಸ ಆಟಗಾರರನ್ನು ಡ್ರಾಫ್ಟ್ ಎಂಬ ಸರದಿ ಪದ್ಧತಿಯಿಂದ ಆರಿಸಿಕೊಳ್ಳುತ್ತವೆ. ರಾಷ್ಟ್ರೀಯ ಡ್ರಾಫ್ಟ್ 1986ರಲ್ಲಿ ಆರಂಭವಾಯಿತು. ಆಯ್ಕೆಗೊಳ್ಳುವವರಲ್ಲಿ ಹೆಚ್ಚಿನವರು ಸುಮಾರು 18 ವರ್ಷದವರು. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಗಳಲ್ಲಿ 20 ಮೀಟರ್ ಓಟ, 2 ಕಿಲೋಮೀಟರ್ ಓಟ ಹಾಗೂ ನೆಗೆತವನ್ನು ಅಳೆಯುತ್ತಾರೆ. ಇವು ದೇಹದ ಸಾಮರ್ಥ್ಯವನ್ನು ತಿಳಿಸುತ್ತವೆ. ಚೆಂಡು ಕೈತಪ್ಪಿದಾಗ ಆಟಗಾರನು ಹಿಂದಿರುಗಿ ಓಡುವನೇ ಎಂಬುದನ್ನು ತಿಳಿಸುವುದಿಲ್ಲ.

ಕಲಿಸಬಹುದಾದ ಅಂಶಗಳು

ಪರಿಶ್ರಮವೆಂದು ಕಾಣುವುದರಲ್ಲಿ ಬಹುಭಾಗ ಕೌಶಲವೇ ಆಗಿದೆ. ನಿಯಮದಂತೆ ಟ್ಯಾಕಲ್ ಭುಜದಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಇರಬೇಕು. ಸಮೀಪಿಸುವ ಕೋನ, ಹೆಜ್ಜೆಯ ಹಿಡಿತ, ತೋಳುಗಳ ಬಳಕೆ ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಯಾರನ್ನು ಬೆನ್ನಟ್ಟಬೇಕು, ಯಾವಾಗ ಸ್ಥಾನ ಕಾಯಬೇಕು ಎಂಬುದು ತಿಳಿಯದ ಹುಡುಗನು ನಿಂತುಬಿಡುತ್ತಾನೆ. ನೋಡುವವರಿಗೆ ಅದು ಸೋಮಾರಿತನವಾಗಿ ತೋರುತ್ತದೆ. ದಣಿವೂ ಹಾಗೆಯೇ. ಇನ್ನು ಕಿರಿಯರ ಪಂದ್ಯಗಳಲ್ಲಿ ಚೆಂಡನ್ನು ಸದಾ ತಾನೇ ಹೊಂದಿರುತ್ತಿದ್ದ ಪ್ರತಿಭಾವಂತನಿಗೆ ರಕ್ಷಣೆಯ ಅಗತ್ಯವೇ ಬಿದ್ದಿರುವುದಿಲ್ಲ.

ತಂಡದ ಪಾತ್ರ

ಕಲಿತದ್ದನ್ನು ಪ್ರತಿ ಸಲವೂ ಮಾಡುವ ಮನಸ್ಸು ಬೋಧನೆಯಿಂದ ಮಾತ್ರ ಬರುವುದಿಲ್ಲ. ಅದನ್ನು ತಂಡದ ವಾತಾವರಣ ರೂಪಿಸುತ್ತದೆ. ಪಾಲ್ ರೂಸ್ ತರಬೇತಿಯ ಸಿಡ್ನಿ ಸ್ವಾನ್ಸ್ ತಂಡದಲ್ಲಿ ಆಟಗಾರರು ನಡವಳಿಕೆಯ ನಿಯಮಗಳನ್ನು ತಾವೇ ರೂಪಿಸಿಕೊಂಡು ಪರಸ್ಪರ ಪಾಲಿಸುವಂತೆ ನೋಡಿಕೊಂಡರು. ರಕ್ಷಣೆಗೆ ಹೆಸರಾದ ಈ ತಂಡ 2005ರಲ್ಲಿ, 72 ವರ್ಷಗಳ ಬಳಿಕ, ಪ್ರಶಸ್ತಿ ಗೆದ್ದಿತು. 2017ರಲ್ಲಿ ಡೇಮಿಯನ್ ಹಾರ್ಡ್‌ವಿಕ್ ತರಬೇತಿಯ ರಿಚ್ಮಂಡ್ ತಂಡವು ಮುಂಪಂಕ್ತಿಯ ಆಟಗಾರರಿಂದಲೂ ಎದುರಾಳಿಯ ಮೇಲೆ ಎಡೆಬಿಡದೆ ಒತ್ತಡ ಹೇರಿಸಿ 37 ವರ್ಷಗಳ ನಂತರ ಪ್ರಶಸ್ತಿ ಪಡೆಯಿತು.

ಆಯ್ಕೆಯಲ್ಲಿ ಮಹತ್ವ

ಹದಿನೆಂಟರ ಹರೆಯದಲ್ಲಿ ಅಂಟಿದ ‘ಶ್ರಮಪಡದವನು’ ಎಂಬ ಹಣೆಪಟ್ಟಿ ಒಬ್ಬನ ಅವಕಾಶವನ್ನೇ ಕಸಿಯಬಲ್ಲದು. ಆದುದರಿಂದ ಕೊರತೆಯ ಕಾರಣ ಅರಿಯದೆ, ದಣಿವು, ಅಜ್ಞಾನ, ಅನಾಸಕ್ತಿಗಳನ್ನು ಬೇರ್ಪಡಿಸಿ ನೋಡದೆ ನೀಡುವ ತೀರ್ಪು ನ್ಯಾಯಸಮ್ಮತವಾಗಲಾರದು. ಮೊದಲೆರಡಕ್ಕೆ ತರಬೇತಿಯಲ್ಲಿ ಪರಿಹಾರವಿದೆ. ಮೂರನೆಯದು ತಿದ್ದಲು ಕಷ್ಟವಾದುದು, ಆದರೆ ಅಸಾಧ್ಯವೇನಲ್ಲ.