ಚೀನದೇಶದ ಕಾಳಗವಿದ್ಯೆಗಳು ಮತ್ತು ಸ್ನೇಹದ ಸೆಣಸು

ವಿದ್ಯೆಯನ್ನು ಕಲಿತವನಿಗೆ ತನ್ನ ವಿದ್ಯೆಯ ಎಲ್ಲೆಯು ತಿಳಿಯುವುದು ಯಾವಾಗ? ತನ್ನ ಗುರುವಿನ ಬಳಿಯಲ್ಲಿ ಎಷ್ಟು ವರ್ಷಗಳನ್ನು ಕಳೆದರೂ ಅದು ತಿಳಿಯದೆ ಹೋಗಬಹುದು. ಬೇರೊಬ್ಬ ಗುರುವಿನ ಶಿಷ್ಯನ ಎದುರಿನಲ್ಲಿ ಅರ್ಧ ಗಳಿಗೆ ನಿಂತರೆ ತಿಳಿದುಬಿಡುತ್ತದೆ. ಈ ಮಾತು ಸಂಗೀತಕ್ಕೂ ಸಲ್ಲುತ್ತದೆ, ತರ್ಕಕ್ಕೂ ಸಲ್ಲುತ್ತದೆ. ಆದರೆ ಚೀನದೇಶದ ಕಾಳಗವಿದ್ಯೆಗಳ ಚರಿತ್ರೆಯಲ್ಲಿ ಇದು ಕಂಡುಬರುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣದು. ಅಲ್ಲಿ ತಪ್ಪು ತಿಳಿದವನಿಗೆ ಉತ್ತರವು ಕೂಡಲೇ, ಅದೂ ಮೈಮೇಲೆಯೇ, ದೊರೆಯುತ್ತದೆ. ಆ ದೇಶದ ಬೇರೆಬೇರೆ ಪಂಥಗಳವರು ಹಗೆತನವಿಲ್ಲದೆ ಒಬ್ಬರ ವಿದ್ಯೆಯನ್ನು ಇನ್ನೊಬ್ಬರ ವಿದ್ಯೆಯ ಮೇಲೆ ಒರೆದು ನೋಡುವ ಪದ್ಧತಿಯನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ಪಂಥಗಳ ವಿಚಾರ. ಚೀನದ ಕಾಳಗವಿದ್ಯೆಯೆಂಬುದು ಒಂದೇ ವಿದ್ಯೆಯಲ್ಲ. ಅದು ನೂರಾರು ಪಂಥಗಳ ದೊಡ್ಡದೊಂದು ಕುಟುಂಬ. ದಕ್ಷಿಣದವರದು ಮುಷ್ಟಿ, ಉತ್ತರದವರದು ಕಾಲು ಎಂದು ಅವರಲ್ಲಿ ಒಂದು ನಾಣ್ನುಡಿಯುಂಟು. ಈ ವಿಂಗಡಣೆ ಪೂರ್ತಿಯಾಗಿ ನಿಜವಲ್ಲದಿದ್ದರೂ ಸ್ಥೂಲವಾಗಿ ಒಪ್ಪತಕ್ಕದ್ದೇ. ದಕ್ಷಿಣದ ವಿಂಗ್ ಚುನ್ ಪಂಥದವರು ಎದುರಾಳಿಗೆ ಬಹು ಸಮೀಪದಲ್ಲಿ ನಿಂತು, ಎದೆಯ ನಡುಗೆರೆಯನ್ನು ಕಾಯ್ದುಕೊಂಡು, ಗಿಡ್ಡ ಹಾದಿಯಲ್ಲಿ ನೇರವಾಗಿ ಹೊಡೆಯುವರು. ಅದೇ ಸೀಮೆಯ ಚೊಯ್ ಲಿ ಫತ್ ಪಂಥದವರು, 1836ರಲ್ಲಿ ಚಾನ್ ಹ್ಯುಂಗ್ ಎಂಬವರಿಂದ ಮೊದಲಾಯಿತೆಂದು ಹೇಳುವ ತಮ್ಮ ವಿದ್ಯೆಯಲ್ಲಿ, ತೋಳನ್ನು ಕವಣೆಯಂತೆ ಬೀಸಿ ದೂರದಿಂದ ಹೊಡೆಯುವರು. ಉತ್ತರದ ಶಿಂಗ್‌ಯಿ ಪಂಥದವರು ನೆಟ್ಟಗೆ ಮುನ್ನುಗ್ಗುವರು. ಬಾಗುವಾ ಪಂಥದವರು ಎದುರಾಳಿಯ ಸುತ್ತ ವೃತ್ತಾಕಾರವಾಗಿ ನಡೆದು ಪಕ್ಕವನ್ನು ಹುಡುಕುವರು. ತಾಯ್‌ಜಿ ಪಂಥದವರು ಬಂದ ಬಲವನ್ನು ತಡೆಯದೆ ಅದರೊಡನೆ ಬಾಗಿ, ಅದು ತೀರಿದ ಗಳಿಗೆಯಲ್ಲಿ ಎದುರಾಳಿಯ ನೆಲೆ ತಪ್ಪಿಸುವರು.

ಒಂದೊಂದು ಪಂಥಕ್ಕೂ ತನ್ನದೇ ಆದ ಜೋಡಿ ಅಭ್ಯಾಸವಿದೆ. ವಿಂಗ್ ಚುನ್‌ನಲ್ಲಿ ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ನಿಂತು, ಆ ಸ್ಪರ್ಶದಿಂದಲೇ ಎದುರಿನವನ ಉದ್ದೇಶವನ್ನು ಅರಿಯುವುದನ್ನು ಕಲಿಯುತ್ತಾರೆ. ತಾಯ್‌ಜಿಯಲ್ಲಿಯೂ ಇಬ್ಬರು ಕೈಕೂಡಿಸಿ ಒಬ್ಬರನ್ನೊಬ್ಬರು ತಳ್ಳುವ ಅಭ್ಯಾಸವಿದೆ. ಇವೆಲ್ಲವೂ ಬಹು ಸೂಕ್ಷ್ಮವಾದ ಸಾಧನೆಗಳು. ಆದರೆ ಇವುಗಳಲ್ಲಿ ಒಂದು ಕೊರತೆಯು ಅಡಗಿದೆ: ಇಬ್ಬರೂ ಒಂದೇ ಪಾಠವನ್ನು ಓದಿದವರು. ತಾನು ಹೀಗೆ ಮಾಡಿದರೆ ಎದುರಿನವನು ಹಾಗೆ ಮಾಡುವನೆಂಬುದು ಇಬ್ಬರಿಗೂ ಗೊತ್ತು. ಕೈ ತಾಗಿಸಿ ನಿಲ್ಲುವುದಕ್ಕೆ ಒಗ್ಗಿದ ವಿಂಗ್ ಚುನ್ ಶಿಷ್ಯನ ಮುಂದೆ ಚೊಯ್ ಲಿ ಫತ್‌ನವನು ಬಂದಾಗ, ಅವನು ಕೈಯನ್ನು ತಾಗಿಸಲು ಕೊಡುವುದೇ ಇಲ್ಲ. ದೂರದಲ್ಲಿ ನಿಂತು ಪಕ್ಕದಿಂದ ಬೀಸುತ್ತಾನೆ. ತಳ್ಳುವವನ ಬಲವನ್ನು ತಿರುಗಿಸುವುದರಲ್ಲಿ ನಿಪುಣನಾದ ತಾಯ್‌ಜಿ ಶಿಷ್ಯನ ಮುಂದೆ ಗುದ್ದುವವನು ಬಂದಾಗ, ಅವನು ತನ್ನ ಕೈಯನ್ನು ಅಲ್ಲಿಯೇ ಬಿಡದೆ ತಟ್ಟನೆ ಹಿಂದಕ್ಕೆಳೆದುಕೊಳ್ಳುತ್ತಾನೆ. ತಿರುಗಿಸಬೇಕೆಂದರೆ ಬಲವೇ ಅಲ್ಲಿಲ್ಲ. ಆಗಲೇ ಶಿಷ್ಯನಿಗೆ ತಾನು ಈವರೆಗೆ ಸಹಜವೆಂದು ಭಾವಿಸಿದ್ದು ಕೇವಲ ತಮ್ಮ ಮನೆಯ ವಾಡಿಕೆಯಾಗಿತ್ತೆಂಬ ಅರಿವು ಮೂಡುವುದು. ಅದರಿಂದ ಅವನ ವಿದ್ಯೆ ಸುಳ್ಳಾಗುವುದಿಲ್ಲ. ಸ್ಪರ್ಶವಿಲ್ಲದೆಡೆ ಸ್ಪರ್ಶವನ್ನು ಉಂಟುಮಾಡಿಕೊಳ್ಳುವುದು ಹೇಗೆ, ದೂರವನ್ನು ದಾಟಿ ತನ್ನ ನೆಲೆಗೆ ಬರುವುದು ಹೇಗೆ ಎಂಬ ಹೊಸ ಪ್ರಶ್ನೆಯು ಅವನಿಗೆ ದೊರೆಯುತ್ತದೆ.

ಚೀನೀ ಭಾಷೆಯಲ್ಲಿ ಈ ಬಗೆಯ ಸೆಣಸಿಗೆ ‘ಚಿಯೆತ್ಸುವೊ’ ಎಂಬ ಹೆಸರುಂಟು. ಕತ್ತರಿಸಿ ಉಜ್ಜುವುದು ಎಂದು ಅದರ ಅರ್ಥ. ಎಲುಬು, ದಂತ ಮೊದಲಾದವುಗಳನ್ನು ಕೆತ್ತಿ ತಿದ್ದುವ ಕುಶಲಕರ್ಮಿಗಳ ಕೆಲಸದಿಂದ ಬಂದ ಈ ಪದವು ಅವರ ಪ್ರಾಚೀನ ಕಾವ್ಯಸಂಗ್ರಹದಲ್ಲಿಯೇ ಕಾಣಸಿಗುತ್ತದೆ. ಕನ್‌ಫ್ಯೂಷಿಯಸ್‌ನ ಸಂಭಾಷಣೆಗಳಲ್ಲಿ ಶಿಷ್ಯನೊಬ್ಬನು ಅದನ್ನು ವ್ಯಕ್ತಿಯ ಸಂಸ್ಕಾರಕ್ಕೆ ಅನ್ವಯಿಸಿ ಗುರುವಿನ ಮೆಚ್ಚುಗೆಯನ್ನು ಪಡೆಯುತ್ತಾನೆ. ಹಾಂಗ್‌ಕಾಂಗಿನ ಕಡೆಯವರು ಇದನ್ನೇ ‘ಗೊಂಗ್ ಸೌ’ ಎನ್ನುವರು. ಕೈಯಿಂದ ಮಾತನಾಡುವುದು ಎಂದು ಅದರ ಅರ್ಥ. ಇವೆರಡಕ್ಕೂ ವಿರುದ್ಧವಾದುದು ‘ಥೀಗ್ವಾನ್’, ಅಂದರೆ ಇನ್ನೊಬ್ಬನ ಗರಡಿಯ ಬಾಗಿಲನ್ನು ಒದ್ದು ಒಳನುಗ್ಗಿ ಅವನ ಮಾನವನ್ನು ಕಳೆಯಲೆಂದೇ ಸವಾಲು ಹಾಕುವುದು. ನೋಡುವವನ ಕಣ್ಣಿಗೆ ಹೊಡೆತವೂ ತಡೆಯೂ ಎರಡು ಕಡೆಯೂ ಒಂದೇ. ವ್ಯತ್ಯಾಸವಿರುವುದು ಬಂದ ಉದ್ದೇಶದಲ್ಲಿ ಮತ್ತು ಪಾಲಿಸಿದ ಮರ್ಯಾದೆಯಲ್ಲಿ.

ಆ ಮರ್ಯಾದೆ ಯಾವುದು? ಬಂದವನು ಮೊದಲು ತನ್ನ ಗುರುವಿನ ಹೆಸರನ್ನೂ ಪಂಥವನ್ನೂ ತಿಳಿಸಬೇಕು. ಸೆಣಸಿಗೆ ಮುನ್ನ ಇಬ್ಬರೂ ಬಲಗೈ ಮುಷ್ಟಿಯನ್ನು ಎಡಗೈ ಅಂಗೈಯಿಂದ ಮುಚ್ಚಿ ವಂದಿಸಬೇಕು. ಕಣ್ಣು, ಗಂಟಲು, ಮರ್ಮಸ್ಥಾನಗಳನ್ನು ಬಿಡುವುದೆಂದೂ, ಬರಿಯ ಕೈಯೋ ಕಾಲೂ ಕೂಡಿಯೋ ಎಂದೂ ಮೊದಲೇ ಮಾತಾಗಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಗುರಿಯನ್ನು ಮುಟ್ಟಿದೊಡನೆ ನಿಲ್ಲಿಸುವುದು. ಮುಷ್ಟಿಯು ಮುಖದ ಬಳಿಗೆ ತಲುಪಿತೆಂದರೆ ಹೊಡೆಯಬಲ್ಲನೆಂಬುದು ಇಬ್ಬರಿಗೂ ತಿಳಿಯಿತು. ಹಲ್ಲು ಮುರಿದು ಅದನ್ನು ಸಿದ್ಧಪಡಿಸಬೇಕಾಗಿಲ್ಲ. ಇನ್ನೊಂದು ಮರ್ಯಾದೆಯು ಸೆಣಸು ಮುಗಿದ ಮೇಲಿನದು: ಯಾರ ಕೈ ಮೇಲಾಯಿತೆಂದು ಹೊರಗೆ ಸಾರಬಾರದು. ಚೀನೀಯರು ಮುಖ ಉಳಿಸಿಕೊಳ್ಳುವುದು ಎಂದು ಯಾವುದನ್ನು ಕರೆಯುವರೋ ಅದು ಇಲ್ಲಿ ಸೋತವನ ಅಹಂಕಾರದ ಪೋಷಣೆಗಾಗಿ ಇರುವುದಲ್ಲ. ಸೋಲು ಊರಿನ ಮಾತಾಗುವುದೆಂಬ ಭಯವಿದ್ದರೆ ಯಾವ ಶಿಷ್ಯನೂ ಹೊಸ ಪಟ್ಟನ್ನು ಪ್ರಯೋಗಿಸಿ ನೋಡಲಾರನು. ಗೊತ್ತಿದ್ದುದನ್ನೇ ಬಿಗಿಹಿಡಿದು ನಿಲ್ಲುವನು.

ಈ ಮರ್ಯಾದೆಯನ್ನು ಸಂಸ್ಥೆಯ ರೂಪಕ್ಕೆ ತಂದ ಕೀರ್ತಿಯು 1910ರಲ್ಲಿ ಶಾಂಘಾಯಿಯಲ್ಲಿ ಸ್ಥಾಪನೆಯಾದ ಜಿಂಗ್‌ವೂ ಸಂಘಕ್ಕೆ ಸಲ್ಲತಕ್ಕದ್ದು. ಅದರ ಮೂಲಪುರುಷರಾದ ಹುವೊ ಯುವಾನ್‌ಜಿಯಾ ಅವರು ಅದೇ ವರ್ಷ ತೀರಿಕೊಂಡರೂ ಅನುಯಾಯಿಗಳು ಸಂಘವನ್ನು ಬೆಳೆಸಿದರು. ಬೇರೆಬೇರೆ ಪಂಥಗಳ ಗುರುಗಳನ್ನು ಒಂದೇ ಸೂರಿನಡಿ ಕರೆತಂದು, ವಿದ್ಯಾರ್ಥಿಗಳೆಲ್ಲರೂ ಮೊದಲು ಹತ್ತು ಸಾಮಾನ್ಯ ವರಸೆಗಳನ್ನು ಕಲಿತು, ಅನಂತರ ತಮಗೊಪ್ಪಿದ ಪಂಥವನ್ನು ಹಿಡಿಯಬೇಕೆಂದು ಗೊತ್ತುಮಾಡಿದರು. ಗುಟ್ಟಾಗಿ ಮನೆತನಗಳಲ್ಲಿ ಉಳಿದಿದ್ದ ವಿದ್ಯೆಯು ಹೀಗೆ ಬಯಲಿಗೆ ಬಂದಿತು.

ಆದರೆ ಒಂದೇ ಸೂರಿನಡಿ ಸೇರಿಸಿದ ಮಾತ್ರಕ್ಕೆ ಸ್ನೇಹವು ತಾನಾಗಿ ಹುಟ್ಟುವುದಿಲ್ಲ. 1928ರ ಮಾರ್ಚ್ ತಿಂಗಳಲ್ಲಿ ನಾನ್‌ಜಿಂಗ್ ನಗರದಲ್ಲಿ ಸೇನಾನಿ ಜಾಂಗ್ ಜಿಜಿಯಾಂಗ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾಳಗವಿದ್ಯೆಯ ಕೇಂದ್ರಸಂಸ್ಥೆಯೊಂದು ಪ್ರಾರಂಭವಾಯಿತು. ಅಲ್ಲಿ ವಿದ್ಯೆಯನ್ನು ಶಾವೊಲಿನ್, ವೂದಾಂಗ್ ಎಂದು ಎರಡು ವಿಭಾಗ ಮಾಡಿದರು. ವಿಭಾಗವು ಪಾಠದ ಅನುಕೂಲಕ್ಕಾಗಿ ಆದುದು. ಆದರೆ ಅದು ಬೇಗನೆ ಎರಡು ಪಾಳೆಯವಾಯಿತು. ಶಾವೊಲಿನ್ ಪಕ್ಷದ ಮುಖ್ಯಸ್ಥರಾದ ವಾಂಗ್ ಜಿಪಿಂಗ್ ಅವರೂ ವೂದಾಂಗ್ ಪಕ್ಷದ ಮುಖ್ಯಸ್ಥರಾದ ಗಾವ್ ಜೆನ್‌ದೊಂಗ್ ಅವರೂ ಪರಸ್ಪರ ಕೈಮಾಡುವವರೆಗೆ ವಿಷಯವು ಬೆಳೆಯಿತು. ಕೆಲವೇ ತಿಂಗಳುಗಳಲ್ಲಿ ಸಂಸ್ಥೆಯವರು ಆ ವಿಂಗಡಣೆಯನ್ನೇ ತೆಗೆದುಹಾಕಬೇಕಾಯಿತು. ಅದೇ ವರ್ಷದ ಅಕ್ಟೋಬರದಲ್ಲಿ ನಡೆದ ಮೊದಲ ರಾಷ್ಟ್ರೀಯ ಪರೀಕ್ಷೆಯಲ್ಲಿ ಎತ್ತರದ ಜಗಲಿಯ ಮೇಲೆ ಕಾದಾಡಿದವರಿಗೆ ಆದ ಗಾಯಗಳನ್ನು ಕಂಡು, ಒಬ್ಬನೇ ವಿಜೇತನನ್ನು ಆರಿಸುವುದಕ್ಕೆ ಮುನ್ನವೇ ಸ್ಪರ್ಧೆಯನ್ನು ನಿಲ್ಲಿಸಿದರು. ಒಂದೇ ಮನೆಯವರಾದರೂ ಪಕ್ಷದ ಮಾನವು ನಡುವೆ ಬಂದರೆ ಉಜ್ಜಿ ತಿದ್ದುವ ಕೆಲಸವು ನಿಂತು, ಕತ್ತರಿಸುವುದೊಂದೇ ಉಳಿಯುವುದೆಂಬುದಕ್ಕೆ ಇದು ನಿದರ್ಶನ.

ಇದಕ್ಕಿಂತ ಪ್ರಸಿದ್ಧವಾದ, ನಮ್ಮಂಥ ಧರ್ಮಾರ್ಥ ಸಂಘದವರಿಗೆ ವಿಶೇಷವಾಗಿ ಹಿಡಿಸುವ, ಇನ್ನೊಂದು ನಿದರ್ಶನವಿದೆ. 1953ರ ಡಿಸೆಂಬರ್ 25ರ ರಾತ್ರಿ ಹಾಂಗ್‌ಕಾಂಗಿನ ಶೆಕ್ ಕಿಪ್ ಮೇ ಎಂಬ ಗುಡಿಸಲುಗಳ ಕೇರಿಗೆ ಬೆಂಕಿ ಬಿದ್ದು 50,000ಕ್ಕೂ ಹೆಚ್ಚು ಜನರು ನೆಲೆಯಿಲ್ಲದವರಾದರು. ಅದೇ ಕಾಲದಲ್ಲಿ ತಾಯ್‌ಜಿ ಪಂಥದ ವೂ ಗಾಂಗ್‌ಯಿ ಅವರಿಗೂ ಬಿಳಿ ಕೊಕ್ಕರೆ ಪಂಥದ ಚಾನ್ ಹಾಕ್‌ಫೂ ಅವರಿಗೂ ಪತ್ರಿಕೆಗಳ ಮೂಲಕ ಮಾತಿಗೆ ಮಾತು ಬೆಳೆದಿದ್ದಿತು. ಮೊದಲನೆಯವರು ಐವತ್ತನ್ನು ದಾಟಿದವರು. ಎರಡನೆಯವರು ಮೂವತ್ತರ ಪ್ರಾಯದವರು. ಈ ವಿವಾದವನ್ನು ಸಹಾಯಾರ್ಥ ಪ್ರದರ್ಶನವಾಗಿ ಮಾರ್ಪಡಿಸಿ, 1954ರ ಜನವರಿ 17ರಂದು ಮಕಾವೊದಲ್ಲಿ ಏರ್ಪಡಿಸಿದರು. ಮೊದಲ ಸುತ್ತಿನಲ್ಲಿಯೇ ಚಾನ್ ಅವರ ಮೂಗಿನಿಂದ ರಕ್ತ ಬಂದಿತು. ಎರಡನೆಯ ಸುತ್ತಿನಲ್ಲಿ ತೀರ್ಪುಗಾರರು ಆಟವನ್ನು ನಿಲ್ಲಿಸಿ, ಗೆಲುವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಎಂದು ಸಾರಿದರು.

ಆ ತೀರ್ಪನ್ನು ಕೇಳಿ ಇಂದಿಗೂ ನಗುವವರುಂಟು. ನಮಗೆ ಅದರಲ್ಲಿ ವಿವೇಕವೇ ಕಾಣುತ್ತದೆ. ಹಣವು ಬೆಂಕಿಯಲ್ಲಿ ನೊಂದವರಿಗೆ ಸಂದಿತು. ಇಬ್ಬರು ಗುರುಗಳೂ ತಲೆಯೆತ್ತಿ ಮನೆಗೆ ಹೋದರು. ಎರಡು ಪಂಥಗಳ ಶಿಷ್ಯರು ಬೀದಿಯಲ್ಲಿ ಹೊಡೆದಾಡಲು ನೆಪವುಳಿಯಲಿಲ್ಲ. ಆದರೆ ವಿದ್ಯೆಯ ದೃಷ್ಟಿಯಿಂದ ನೋಡಿದರೆ ಆ ಸೆಣಸು ಹೆಚ್ಚಿನದೇನನ್ನೂ ಕಲಿಸಲಿಲ್ಲವೆನ್ನಬೇಕು. ಉಳಿದುಬಂದ ಚಲಚ್ಚಿತ್ರದಲ್ಲಿ ತಾಯ್‌ಜಿಯ ಮೃದುತ್ವವಾಗಲಿ ಕೊಕ್ಕರೆ ಪಂಥದ ಸೊಗಸಾಗಲಿ ಅಷ್ಟಾಗಿ ಕಾಣುವುದಿಲ್ಲ. ನೆರೆದ ಜನಸ್ತೋಮದ ಮುಂದೆ ಇಬ್ಬರೂ ಆತುರದಿಂದ ತೋಳು ಬೀಸುತ್ತಾರೆ. ಮೂರು ದಿನಗಳ ತರುವಾಯ, ಜನವರಿ 20ರಂದು, ಹಾಂಗ್‌ಕಾಂಗಿನ ಪತ್ರಿಕೆಯೊಂದರಲ್ಲಿ ಲಿಯಾಂಗ್ ಯೂಶೆಂಗ್ ಅವರ ವೀರಕಾದಂಬರಿಯು ಧಾರಾವಾಹಿಯಾಗಿ ಪ್ರಾರಂಭವಾಯಿತು. ಅಲ್ಲಿಂದ ಹೊಸ ಬಗೆಯ ವೀರಕಾದಂಬರಿಗಳ ಯುಗವೇ ತೆರೆಯಿತು. ಕಾಳಗವಿದ್ಯೆಗಿಂತ ಸಾಹಿತ್ಯಕ್ಕೆ ಆ ದಿನದಿಂದ ಲಾಭವು ಹೆಚ್ಚಾಯಿತೆನ್ನಬಹುದು.

ವಿದ್ಯೆಗೆ ಲಾಭವಾದುದು ಜನರ ಕಣ್ಣಿಗೆ ಬೀಳದ ಕಡೆಗಳಲ್ಲಿ. 1950ರ ದಶಕದ ಹಾಂಗ್‌ಕಾಂಗಿನಲ್ಲಿ ಬಯಲಿಗೆ ಬಡತನವಿದ್ದುದರಿಂದ ಯುವಕರು ಕಟ್ಟಡಗಳ ತಾರಸಿಯ ಮೇಲೆ ಸೇರಿ ತಮ್ಮ ತಮ್ಮ ಪಂಥವನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲಿ ಎಲ್ಲವೂ ಸ್ನೇಹದವಲ್ಲ. ಪೆಟ್ಟು ತಿಂದವರು ಬಹಳ ಮಂದಿ. ಹಾಗಿದ್ದರೂ ವೊಂಗ್ ಶುನ್ ಲ್ಯುಂಗ್ ಅವರಂಥವರು ಅದರಿಂದ ಪಾಠವನ್ನೇ ತೆಗೆದರು. 1935ರಲ್ಲಿ ಹುಟ್ಟಿದ ಅವರು ಮೊದಲು ಪಾಶ್ಚಾತ್ಯ ಮುಷ್ಟಿಯುದ್ಧವನ್ನು ಕಲಿತಿದ್ದವರು. ವಿಂಗ್ ಚುನ್ ಗುರು ಇಪ್ ಮಾನ್ ಅವರನ್ನು ಪರೀಕ್ಷಿಸಲು ಹೋಗಿ, ಸೋತು, ಶಿಷ್ಯರಾದರು. ಅನಂತರ ಬೇರೆ ಪಂಥಗಳವರೊಡನೆ ಸೆಣಸಿ ಬಂದಾಗಲೆಲ್ಲ, ಯಾವ ಪಟ್ಟು ನಿಂತಿತು, ಯಾವುದು ಕೈಕೊಟ್ಟಿತು ಎಂಬುದನ್ನು ಗರಡಿಯಲ್ಲಿ ಪುನಃ ವಿಚಾರಕ್ಕೆ ತರುತ್ತಿದ್ದರು. ಪಂಥಕ್ಕೆ ಒಡೆಯನಾಗು, ಆಳಾಗಬೇಡ ಎಂಬುದು ಅವರ ಬೋಧೆಯ ಸಾರ.

ಮುಟ್ಟಿದೊಡನೆ ನಿಲ್ಲಿಸುವ ಪದ್ಧತಿಯಲ್ಲಿಯೂ ದೋಷವಿಲ್ಲದಿಲ್ಲ. ತಲುಪಿದ ಕೈಯೆಲ್ಲ ಕೆಡಹುವ ಕೈಯೆಂದು ಇಬ್ಬರೂ ಭ್ರಮಿಸಬಹುದು. ಈ ಕೊರತೆಯನ್ನು ನೀಗಲು ಚೀನದಲ್ಲಿ 1979ರಿಂದ ಕೈಗವಸು, ಎದೆಗವಸುಗಳನ್ನು ತೊಟ್ಟು ಪೂರ್ಣಬಲದಿಂದ ಸೆಣಸುವ ಸಾಂದಾ ಎಂಬ ಕ್ರೀಡೆಯನ್ನು ರೂಪಿಸಿದರು. 8 ಮೀಟರ್ ಚದರದ ಜಗಲಿಯ ಮೇಲೆ ಹೊಡೆತಕ್ಕೂ ಕೆಡಹುವಿಕೆಗೂ ಅಂಕಗಳನ್ನು ಎಣಿಸುತ್ತಾರೆ. ಅದರಿಂದ ಸತ್ಯವು ಹೆಚ್ಚಿತು, ಆದರೆ ವೈವಿಧ್ಯವು ತಗ್ಗಿತು: ಯಾವ ಪಂಥದಿಂದ ಬಂದವನಾದರೂ ಅಂಕ ತರುವ ನಾಲ್ಕಾರು ಹೊಡೆತಗಳಿಗೇ ಒಗ್ಗಿಕೊಂಡು, ಕೊನೆಗೆ ಎಲ್ಲರೂ ಒಂದೇ ಬಗೆಯಾಗಿ ಕಾಣುತ್ತಾರೆಂಬುದು ಹಳೆಯ ಗುರುಗಳ ಆಕ್ಷೇಪಣೆ. ಆದುದರಿಂದ ಬಾಗಿಲು ಮುಚ್ಚಿ ಇಬ್ಬರೇ ನಡೆಸುವ ಸ್ನೇಹದ ಸೆಣಸಿಗೆ ಇಂದಿಗೂ ಸ್ಥಾನವಿದೆ. ಅಲ್ಲಿ ಅಂಕವಿಲ್ಲ; ತನ್ನ ಪಂಥದ ರೀತಿಯಲ್ಲಿಯೇ ನಿಂತು, ಅದು ಎಲ್ಲಿಯವರೆಗೆ ನಡೆಯುವುದೆಂದು ನೋಡಬಹುದು.

ಸುನ್ ಲೂತಾಂಗ್ ಅವರ ಜೀವನವು ಈ ವಿಷಯದಲ್ಲಿ ಸ್ಮರಣೀಯವಾದುದು. 1933ರಲ್ಲಿ ತೀರಿಕೊಂಡ ಆ ಹಿರಿಯರು ಶಿಂಗ್‌ಯಿಯಲ್ಲಿಯೂ ಬಾಗುವಾದಲ್ಲಿಯೂ ಹೆಸರಾದವರು. ಐವತ್ತರ ಆಸುಪಾಸಿನಲ್ಲಿ ಅವರು ಬೇಯ್‌ಜಿಂಗ್‌ನಲ್ಲಿ ಕಾಯಿಲೆ ಬಿದ್ದಿದ್ದ ತಾಯ್‌ಜಿ ಗುರು ಹಾವ್ ವೇಜೆನ್ ಅವರನ್ನು ಉಪಚರಿಸಿದರು. ಗುಣಹೊಂದಿದ ಹಾವ್ ಅವರು ಕೃತಜ್ಞತೆಯಿಂದ ತಮ್ಮ ವಿದ್ಯೆಯನ್ನು ಕಲಿಸಿಕೊಟ್ಟರು. ಹೆಸರಾಂತ ಗುರುವೊಬ್ಬನು ಆ ವಯಸ್ಸಿನಲ್ಲಿ ಇನ್ನೊಂದು ಪಂಥದ ಮುಂದೆ ಶಿಷ್ಯನಾಗಿ ಕುಳಿತುದರಿಂದ ಅವನ ಮೊದಲ ಎರಡು ವಿದ್ಯೆಗಳು ನಷ್ಟವಾಗಲಿಲ್ಲ. ಅವು ಮೂರನೆಯದರಲ್ಲಿ ಸೇರಿ, ಇಂದಿಗೂ ಅವರ ಹೆಸರಿನಿಂದಲೇ ನಡೆದುಬರುತ್ತಿರುವ ತಾಯ್‌ಜಿಯ ಒಂದು ಶಾಖೆಯಾಯಿತು.

ಎರಡು ಭಾಷೆಗಳ ನಡುವೆ ಓದಿ ಬೆಳೆಯುವ ನಮ್ಮ ಶಾಲೆಯ ಮಕ್ಕಳು ಈ ಮಾತನ್ನು ಹೆಚ್ಚಿನ ವ್ಯಾಖ್ಯಾನವಿಲ್ಲದೆಯೇ ತಿಳಿದುಕೊಳ್ಳುವರೆಂದು ನಂಬಿದ್ದೇವೆ. ತನ್ನ ನೆಲೆಯಲ್ಲಿ ಗಟ್ಟಿಯಾಗಿ ನಿಲ್ಲಲು ಕಲಿತವನೇ ಇನ್ನೊಬ್ಬನಿಗೆ ಕೈ ನೀಡಬಲ್ಲನು. ಮೊದಲು ವಂದನೆ, ಆಮೇಲೆ ಸೆಣಸು, ಮುಟ್ಟಿದೊಡನೆ ನಿಲುಗಡೆ, ಕೊನೆಯಲ್ಲಿ ಕುಳಿತು ಮಾತು: ಈ ನಾಲ್ಕನ್ನು ಪಾಲಿಸಿದಲ್ಲಿ ಆಟದ ಬಯಲಿನಲ್ಲಾಗಲಿ ಚರ್ಚಾಕೂಟದಲ್ಲಾಗಲಿ ಎದುರಾಳಿಯಾಗಿ ಬಂದವನು ಗುರುವಿನ ಕೆಲಸವನ್ನೇ ಮಾಡಿ ಹೋಗುವನು.