ಎಚ್ಚರಿಕೆ ಕೊಟ್ಟ ಮೇಲೂ ಮುನ್ನೂರು ಜನ ಸತ್ತಿದ್ದು ಯಾಕೆ?

ವೀಕ್ಷಕರೇ, 2011ರ ಏಪ್ರಿಲ್ ಕೊನೆಯ ವಾರ ನೆನಪಿದೆಯಾ? ಟಿವಿ ಕ್ಯಾಮೆರಾಗಳೆಲ್ಲ ಪುಟ್ಟಪರ್ತಿಯಲ್ಲಿದ್ದವು. ಸತ್ಯ ಸಾಯಿಬಾಬಾ ಅವರ ಅಂತ್ಯಕ್ರಿಯೆ ನಡೆದದ್ದು ಏಪ್ರಿಲ್ 27ಕ್ಕೆ. ಎರಡು ದಿನ ಬಿಟ್ಟು ಲಂಡನ್‌ನಲ್ಲಿ ರಾಜಕುಮಾರ ವಿಲಿಯಂ ಮದುವೆ. ಅದಾಗಿ ಮೂರು ದಿನಕ್ಕೆ ಒಸಾಮಾ ಬಿನ್ ಲಾಡೆನ್ ಹತ್ಯೆ. ಈ ಸುದ್ದಿಗಳ ಸಂದಿಯಲ್ಲಿ ಇನ್ನೊಂದು ಸುದ್ದಿ ಪರದೆಯ ಕೆಳಗೆ ಒಂದೆರಡು ಸಾಲಾಗಿ ಓಡಿಹೋಯಿತು. ಅಮೆರಿಕದ ದಕ್ಷಿಣ ಭಾಗದಲ್ಲಿ ಸುಂಟರಗಾಳಿ, ನೂರಾರು ಸಾವು ಅಂತ. ಆಗ ನಾನು ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಪರೀಕ್ಷೆ ಹತ್ತಿರ ಇತ್ತು. ನಾನೂ ಆ ಸಾಲನ್ನು ಓದಿ ಮರೆತೆ.

ಸುದ್ದಿಮನೆಗೆ ಬಂದು ಕೆಲವು ವರ್ಷ ಆದಮೇಲೆ ಅದೇ ಘಟನೆಯನ್ನು ಕೂತು ಓದಬೇಕಾಯಿತು. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ. ಮೊದಲು ಏನಾಯಿತು ಅನ್ನೋದು.

ಏಪ್ರಿಲ್ 25ರಿಂದ 28ರವರೆಗೆ, ನಾಲ್ಕೇ ದಿನದಲ್ಲಿ ಸುಮಾರು 360 ಸುಂಟರಗಾಳಿಗಳು. 27ನೇ ತಾರೀಖು ಒಂದೇ ದಿನ 200ಕ್ಕೂ ಹೆಚ್ಚು. ಸತ್ತವರು 300ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಅಲಬಾಮಾ ಎಂಬ ಒಂದೇ ರಾಜ್ಯದವರು. ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಪ್‌ಬೆಲ್ ಅನ್ನುವ ಎರಡು ಸಣ್ಣ ಊರುಗಳನ್ನು ತುಳಿದುಕೊಂಡು ಹೋದ ಗಾಳಿ ಒಂದೇ 72 ಜನರನ್ನು ಕೊಂದಿತು. ಅದು ನೆಲದ ಮೇಲೆ ಓಡಿದ ದೂರ 200 ಕಿಲೋಮೀಟರ್‌ಗೂ ಜಾಸ್ತಿ. ಟಸ್ಕಲೂಸಾ ನಗರಕ್ಕೆ ಹೊಡೆದದ್ದು ಇನ್ನೊಂದು. ಅದರ ಅಗಲ ಗರಿಷ್ಠ ಎರಡು ಕಿಲೋಮೀಟರ್‌ಗೂ ಮಿಕ್ಕಿತ್ತು. ಕೆಲವೇ ನಿಮಿಷದಲ್ಲಿ ನಗರದ ಶೇಕಡಾ 12ರಷ್ಟು ಭಾಗ ನೆಲಸಮ.

ಇಲ್ಲಿ ಒಂದು ಪದದ ಗೊಂದಲ ಬಿಡಿಸಿಬಿಡೋಣ. ಇದರಲ್ಲಿ ನಮ್ಮ ಚಾನೆಲ್‌ಗಳ ತಪ್ಪು ಬೇಕಾದಷ್ಟಿದೆ. ಚಂಡಮಾರುತ ಸಮುದ್ರದ ಮೇಲೆ ಹುಟ್ಟುತ್ತೆ, ನೂರಾರು ಕಿಲೋಮೀಟರ್ ಅಗಲ ಇರುತ್ತೆ, ದಿನಗಟ್ಟಲೆ ಬದುಕುತ್ತೆ. ಅದಕ್ಕೆ ಹೆಸರಿಡೋಕೂ ಟೈಮ್ ಇರುತ್ತೆ. ಸುಂಟರಗಾಳಿ ಹಾಗಲ್ಲ. ಗುಡುಗಿನ ಮೋಡದ ಹೊಟ್ಟೆಯಿಂದ ನೆಲಕ್ಕಿಳಿಯುವ ತಿರುಗುವ ಕಂಬ ಅದು. ನೂರಿನ್ನೂರು ಮೀಟರ್ ಅಗಲ, ಹತ್ತಿಪ್ಪತ್ತು ನಿಮಿಷದ ಆಯಸ್ಸು. ಮೇಲೆ ಹೇಳಿದಂಥ ರಾಕ್ಷಸರು ಅಪರೂಪ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಮರ ಉರುಳಿಸಿ, ಹೋರ್ಡಿಂಗ್ ಬೀಳಿಸಿ ಹೋಗುವ ಗಾಳಿ ಬಹುಪಾಲು ಇವೆರಡೂ ಅಲ್ಲ. ಅದು ಗುಡುಗು ಮೋಡದಿಂದ ಕೆಳಕ್ಕೆ ಧುಮುಕಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುವ ತಣ್ಣನೆ ಗಾಳಿ. ನಾವು ಮಾತ್ರ ಮೂರಕ್ಕೂ ಒಂದೇ ಗ್ರಾಫಿಕ್ಸ್ ಹಾಕಿ 'ಸುಂಟರಗಾಳಿ' ಅಂತ ಬರೆದುಬಿಡ್ತೀವಿ.

ಸರಿ, ಸುಂಟರಗಾಳಿಯ ವೇಗ ಅಳೆಯೋದು ಹೇಗೆ? ದಾರಿಯಲ್ಲಿ ಮೀಟರ್ ಇಟ್ಟರೆ ಮೀಟರೇ ಹಾರಿಹೋಗುತ್ತೆ. ಅದಕ್ಕೇ ಉಲ್ಟಾ ದಾರಿ. ಗಾಳಿ ಹೋದಮೇಲೆ ಉಳಿದ ಹಾನಿಯನ್ನು ನೋಡಿ, ಇಷ್ಟು ಮುರಿಯಬೇಕಾದರೆ ಎಷ್ಟು ವೇಗ ಬೇಕು ಅಂತ ಲೆಕ್ಕ ಹಾಕ್ತಾರೆ. ಈ ವಿದ್ಯೆಯ ಗುರು ಟೆಟ್ಸುಯಾ ಫುಜಿಟಾ ಅನ್ನುವ ಜಪಾನಿ ವಿಜ್ಞಾನಿ. 1945ರಲ್ಲಿ ಅವರಿದ್ದದ್ದು ಕೊಕುರಾ ಭಾಗದಲ್ಲಿ. ಆಗಸ್ಟ್ 9ರಂದು ಅಣುಬಾಂಬ್‌ನ ಮೊದಲ ಗುರಿ ಕೊಕುರಾವೇ ಆಗಿತ್ತು. ಅಲ್ಲಿ ನೆಲ ಕಾಣಿಸಲಿಲ್ಲ ಅಂತ ವಿಮಾನ ನಾಗಸಾಕಿಗೆ ಹೋಯಿತು. ಆಮೇಲೆ ಇದೇ ಫುಜಿಟಾ ನಾಗಸಾಕಿಗೆ ಹೋಗಿ, ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಅಂತ ನೋಡಿ ಸ್ಫೋಟದ ಹಾನಿಯನ್ನು ಅಧ್ಯಯನ ಮಾಡಿದರು. ಅದೇ ಕಣ್ಣನ್ನು ಅಮೆರಿಕಕ್ಕೆ ಒಯ್ದು, 1971ರಲ್ಲಿ ಸುಂಟರಗಾಳಿಯ ಹಾನಿಗೆ ಒಂದು ಅಳತೆಗೋಲು ಕೊಟ್ಟರು. 2007ರಿಂದ ಅದರ ಸುಧಾರಿತ ರೂಪ ಅಮೆರಿಕದಲ್ಲಿ ಬಳಕೆಯಲ್ಲಿದೆ. ಇಎಫ್-0ರಿಂದ ಇಎಫ್-5ರವರೆಗೆ. ಮನೆ, ಶಾಲೆ, ಮರ, ಕಂಬ ಹೀಗೆ 28 ಬಗೆಯ ವಸ್ತುಗಳನ್ನು ನೋಡಿ ಅಂಕ ಕೊಡ್ತಾರೆ. ಗಂಟೆಗೆ 322 ಕಿಲೋಮೀಟರ್ ದಾಟಿದರೆ ಇಎಫ್-5. ಆ ಒಂದೇ ದಿನ ಅಂಥವು ನಾಲ್ಕು ಬಂದವು.

ಈಗ ಆ ಹಾನಿಯನ್ನು ಇಂಜಿನಿಯರ್ ಕಣ್ಣಲ್ಲಿ ನೋಡೋಣ. ಗಾಬರಿ ಬೇಡ, ಒಂದೇ ಸೂತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಬೆಂಗಳೂರಲ್ಲಿ ಕಟ್ಟಡ ಕಟ್ಟುವಾಗ ನಮ್ಮ ದೇಶದ ಸಂಹಿತೆಯ ಪ್ರಕಾರ ಹಿಡಿಯಬೇಕಾದ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗಕ್ಕೆ ಒಂದು ಚದರ ಮೀಟರ್ ಮೇಲೆ ಸುಮಾರು 66 ಕಿಲೋ ಭಾರ ಬೀಳುತ್ತೆ. ಇಎಫ್-5 ಅಂದರೆ ಸೆಕೆಂಡಿಗೆ 90 ಮೀಟರ್ ಹಿಡೀರಿ. ಅದೇ ಒಂದು ಚದರ ಮೀಟರ್ ಮೇಲೆ ಸುಮಾರು 495 ಕಿಲೋ. ಹತ್ತಡಿ ಉದ್ದ, ಹತ್ತಡಿ ಅಗಲದ ಸಣ್ಣ ಕೋಣೆಯ ಚಾವಣಿಗೆ ಇದನ್ನು ಗುಣಿಸಿ. ನಾಲ್ಕೂವರೆ ಟನ್! ಅದೂ ಚಾವಣಿಯನ್ನು ಕೆಳಕ್ಕೆ ಒತ್ತುವ ಭಾರ ಅಲ್ಲ, ಬಹುತೇಕ ಮೇಲಕ್ಕೆ ಎಳೆಯುವ ಬಲ.

ಸುಂಟರಗಾಳಿ ಬಂದಾಗ ಒಳಗಿನ ಒತ್ತಡಕ್ಕೆ ಮನೆ ಬಾಂಬಿನ ಹಾಗೆ ಸಿಡಿಯುತ್ತೆ, ಅದಕ್ಕೆ ಕಿಟಕಿ ತೆಗೆದಿಡಬೇಕು ಅಂತ ಅಮೆರಿಕದಲ್ಲಿ ಬಹಳ ಕಾಲ ನಂಬಿದ್ದರು. ಅದು ತಪ್ಪು. ನಿಜವಾಗಿ ಆಗೋದು ಹೀಗೆ. ಗಾಳಿಗೆ ಎದುರಾಗಿರುವ ಕಿಟಕಿ ಅಥವಾ ಗ್ಯಾರೇಜ್ ಬಾಗಿಲು ಮೊದಲು ಮುರಿಯುತ್ತೆ. ಗಾಳಿ ಒಳಗೆ ನುಗ್ಗಿ ಚಾವಣಿಯನ್ನು ಕೆಳಗಿನಿಂದ ತಳ್ಳುತ್ತೆ. ಹೊರಗೆ ಹರಿಯುವ ಗಾಳಿ ಅದನ್ನೇ ಮೇಲಿನಿಂದ ಎಳೆಯುತ್ತೆ. ಚಾವಣಿ ಹೋಯಿತು ಅಂದರೆ ಗೋಡೆಗೆ ಮೇಲಿನ ಹಿಡಿತ ಹೋಯಿತು, ಅವು ಮಗುಚಿಕೊಳ್ಳುತ್ತವೆ. ಕಿಟಕಿ ತೆಗೆದಿಟ್ಟವರು ಗಾಳಿಗೆ ಬಾಗಿಲು ತೆರೆದು ಕೂತ ಹಾಗೆ.

ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಅವಶೇಷಗಳ ನಡುವೆ ಓಡಾಡಿದ ಇಂಜಿನಿಯರ್‌ಗಳು ಮತ್ತೆ ಮತ್ತೆ ಕಂಡದ್ದು ಒಂದೇ: ಚಾವಣಿ ಗೋಡೆಗೆ ಬರೀ ಮೊಳೆಯಲ್ಲಿ ನಿಂತಿತ್ತು, ಗೋಡೆ ಪಾಯಕ್ಕೆ ಸರಿಯಾಗಿ ಬೋಲ್ಟ್ ಆಗಿರಲಿಲ್ಲ. ಸರಪಳಿಯ ಒಂದು ಕೊಂಡಿ ದುರ್ಬಲ ಆದರೆ ಇಡೀ ಸರಪಳಿ ಅಷ್ಟೇ ದುರ್ಬಲ. ಇಎಫ್-5 ದಾರಿಯ ನಟ್ಟನಡುವೆ ಸಾಮಾನ್ಯ ಮನೆ ಉಳಿಯೋದು ಕಷ್ಟ, ನಿಜ. ಆದರೆ ಎಂಥ ದೊಡ್ಡ ಸುಂಟರಗಾಳಿಯಲ್ಲೂ ಆ ಪರಮವೇಗ ಇರೋದು ಸಣ್ಣ ಪಟ್ಟಿಯಲ್ಲಿ ಮಾತ್ರ. ಅದರ ಆಚೀಚೆಯ ಬಹುಪಾಲು ಜಾಗದಲ್ಲಿ ವೇಗ ಕಡಿಮೆ. ಅಲ್ಲಿ ಒಂದು ಲೋಹದ ಪಟ್ಟಿ, ನಾಲ್ಕು ಬೋಲ್ಟ್ ಮನೆಯನ್ನು ಉಳಿಸಬಹುದು. ಒಕ್ಲಹೋಮಾ ರಾಜ್ಯದ ಮೂರ್ ನಗರ, ಪದೇ ಪದೇ ಪೆಟ್ಟು ತಿಂದ ಮೇಲೆ, 2014ರಲ್ಲಿ ಹೊಸ ಮನೆಗಳಿಗೆ ಇದನ್ನೇ ಕಡ್ಡಾಯ ಮಾಡಿತು.

ಹಾನಿ ಅಂದರೆ ಮನೆಗಳಷ್ಟೇ ಅಲ್ಲ. 300ಕ್ಕೂ ಹೆಚ್ಚು ವಿದ್ಯುತ್ ಪ್ರಸರಣ ಕಂಬ-ಗೋಪುರಗಳು ಉರುಳಿದವು. ಬ್ರೌನ್ಸ್ ಫೆರಿ ಅಣುಸ್ಥಾವರಕ್ಕೆ ಹೊರಗಿನ ವಿದ್ಯುತ್ ನಿಂತು, ಮೂರೂ ರಿಯಾಕ್ಟರ್‌ಗಳು ತಾವಾಗಿ ಬಂದ್ ಆದವು. ಫುಕುಶಿಮಾ ದುರಂತ ಆಗಿ ಎರಡು ತಿಂಗಳೂ ಆಗಿರಲಿಲ್ಲ! ಪುಣ್ಯಕ್ಕೆ ಡೀಸೆಲ್ ಜನರೇಟರ್‌ಗಳು ಕೈಕೊಡಲಿಲ್ಲ. ಟಸ್ಕಲೂಸಾದಲ್ಲಿ ತುರ್ತು ನಿರ್ವಹಣಾ ಕಚೇರಿ ಇದ್ದ ಕಟ್ಟಡವೇ ಧ್ವಂಸ. ಅದೇ ಆವರಣದಲ್ಲಿದ್ದ ನಗರದ ಕಸದ ಲಾರಿಗಳೂ ಹೋದವು. ಊರೆಲ್ಲ ಅವಶೇಷ, ಅದನ್ನು ಹೊರಬೇಕಾದ ಲಾರಿಗಳೇ ಅವಶೇಷ.

ಇನ್ನೊಂದು ಬಗೆಯ ಹಾನಿಗೆ ಲೆಕ್ಕವೇ ಇಲ್ಲ. ಗಾಳಿ ಜನರ ಫೋಟೋ, ಪತ್ರ, ದಾಖಲೆಗಳನ್ನು ಎತ್ತಿಕೊಂಡು ಹೋಗಿ ಪಕ್ಕದ ರಾಜ್ಯದಲ್ಲಿ ಚೆಲ್ಲಿತು. ಸಿಕ್ಕವರು ಫೇಸ್‌ಬುಕ್ ಪುಟವೊಂದರಲ್ಲಿ ಹಾಕಿ ವಾರಸುದಾರರನ್ನು ಹುಡುಕಿದರು. ಆ ಪುಟವನ್ನೇ ಆಧಾರ ಮಾಡಿಕೊಂಡು ವಿಜ್ಞಾನಿಗಳು ಅಧ್ಯಯನ ಮಾಡಿದಾಗ ಗೊತ್ತಾಯಿತು, ಫಿಲ್ ಕ್ಯಾಂಪ್‌ಬೆಲ್‌ನ ಒಂದು ಫೋಟೋ ಸುಮಾರು 350 ಕಿಲೋಮೀಟರ್ ಹಾರಿ ಟೆನೆಸ್ಸಿ ರಾಜ್ಯದಲ್ಲಿ ಬಿದ್ದಿತ್ತು. ಬೆಂಗಳೂರಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ. ಮನೆ ಕಟ್ಟಿಕೊಳ್ಳಬಹುದು. ಅಪ್ಪ-ಅಮ್ಮನ ಮದುವೆ ಫೋಟೋ ಮತ್ತೆ ತೆಗೆಸೋಕಾಗುತ್ತಾ?

ಈಗ ಅಸಲಿ ಪ್ರಶ್ನೆಗೆ ಬರೋಣ. ಈ ಗಾಳಿ ಹೇಳದೇ ಕೇಳದೇ ಬಂದದ್ದಲ್ಲ. ಹವಾಮಾನ ತಜ್ಞರು ದಿನಗಳ ಮುಂಚೆಯೇ ಅಪಾಯ ಹೇಳಿದ್ದರು. ಆ ದಿನದ ಎಚ್ಚರಿಕೆಗಳು ಸರಾಸರಿ 20 ನಿಮಿಷಕ್ಕೂ ಮೊದಲೇ ಸಿಕ್ಕಿದ್ದವು. ಟಸ್ಕಲೂಸಾಕ್ಕೆ ಬಂದ ಗಾಳಿಯನ್ನು ಸ್ಥಳೀಯ ಚಾನೆಲ್ ಗೋಪುರದ ಕ್ಯಾಮೆರಾದಲ್ಲಿ ಲೈವ್ ತೋರಿಸಿತು. ಅಲ್ಲಿ ಸಂಜೆ ಐದು ದಾಟಿತ್ತು, ನಮಗಿಲ್ಲಿ ಬೆಳಗಿನ ಜಾವ. ಪರದೆಯ ಮೇಲೆ ಜೇಮ್ಸ್ ಸ್ಪ್ಯಾನ್, ಅಲಬಾಮಾದ ಮನೆಮನೆಗೂ ಗೊತ್ತಿರುವ ಹವಾಮಾನ ವರದಿಗಾರ. ಆದರೂ 300ಕ್ಕೂ ಹೆಚ್ಚು ಸಾವು. ಯಾಕೆ?

ಒಂದು, ಬೆಳಗಿನ ಜಾವವೇ ಬಂದ ಮೊದಲ ಸುತ್ತಿನ ಬಿರುಗಾಳಿ ಅನೇಕ ಕಡೆ ಕರೆಂಟ್ ತೆಗೆದಿತ್ತು. ಮಧ್ಯಾಹ್ನದ ಎಚ್ಚರಿಕೆ ಅಲ್ಲಿಗೆ ತಲುಪಲೇ ಇಲ್ಲ. ಎರಡು, ಎಷ್ಟೋ ಜನಕ್ಕೆ ಅಡಗಲು ಗಟ್ಟಿ ಜಾಗವೇ ಇರಲಿಲ್ಲ. ಗಾಲಿ ಮೇಲೆ ತಂದು ನಿಲ್ಲಿಸುವ ಹಗುರ ಮನೆಗಳಲ್ಲಿ ಇರುವವರು ಬಡವರು. ಅನೇಕ ಸಲ ಸಾವಿನ ದೊಡ್ಡ ಪಾಲು ಅವರದೇ. ಮೂರನೆಯದು ನನ್ನ ನಿದ್ದೆ ಕೆಡಿಸಿದ್ದು. ಆ ಕಾಲಕ್ಕೆ ಅಮೆರಿಕದಲ್ಲಿ ಕೊಡುತ್ತಿದ್ದ ನಾಲ್ಕು ಸುಂಟರಗಾಳಿ ಎಚ್ಚರಿಕೆಗಳಲ್ಲಿ ಸುಮಾರು ಮೂರು ಹುಸಿಯಾಗುತ್ತಿದ್ದವು. ಸೈರನ್ ಕೂಗುತ್ತೆ, ಏನೂ ಆಗಲ್ಲ. ಮತ್ತೆ ಕೂಗುತ್ತೆ, ಮತ್ತೆ ಏನೂ ಆಗಲ್ಲ. ನಿಜವಾದ ಹುಲಿ ಬಂದ ದಿನ ಜನ ಬಾಗಿಲಿಗೆ ಬಂದು ಆಕಾಶ ನೋಡುತ್ತಾ ನಿಂತರು. ಸ್ಪ್ಯಾನ್ ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು: ಹುಸಿ ಎಚ್ಚರಿಕೆ ಅತಿಯಾಗಿತ್ತು, ಜನ ಸೈರನ್ ಒಂದನ್ನೇ ನಂಬಿದ್ದರು, ನಾವು ಬದಲಾಗಬೇಕು ಅಂತ. ಅಂದಿನಿಂದ ಅವರು ಹೇಳುವ ಸಲಹೆಗಳಲ್ಲಿ ಒಂದು, ಅಡಗುವ ಕೋಣೆಯಲ್ಲಿ ಹೆಲ್ಮೆಟ್ ಇಟ್ಟುಕೊಳ್ಳಿ. ಹಾರಿ ಬರುವ ವಸ್ತು ತಲೆಗೆ ಬಡಿದೇ ಹೆಚ್ಚು ಅನಾಹುತ.

ಈಗ ನಾನು ಇದನ್ನೆಲ್ಲ ಯಾಕೆ ಓದಿದೆ ಅಂತ ಹೇಳ್ತೀನಿ. ಕೆಲವು ವರ್ಷದ ಹಿಂದೆ ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದಿತ್ತು. ನಾನು ಸ್ಟುಡಿಯೋದಲ್ಲಿ ಮೂರು ಗಂಟೆ ಗಂಟಲು ಹರಿದುಕೊಂಡೆ. ಹಿಂದೆ ಕೆಂಪು ಅಕ್ಷರ, ಸಿಡಿಲಿನ ಸೌಂಡು, 'ಬೆಂಗಳೂರಿಗೆ ಜಲಕಂಟಕ'. ರಾತ್ರಿ ಬಂದದ್ದು ತುಂತುರು. ಮರುದಿನ ಕಚೇರಿ ಎದುರಿನ ಟೀ ಅಂಗಡಿಯವನು ಲೋಟ ಕೊಡುತ್ತಾ ಕೇಳಿದ, "ಏನ್ ಸಾರ್, ನಿಮ್ಮ ರಕ್ಕಸ ಗಾಳಿ ಬಸ್ ಮಿಸ್ ಮಾಡ್ಕೊಂಡ್ತಾ?" ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ನಗು ಬರಲಿಲ್ಲ. ಮುಂದಿನ ಸಲ ನಾನು ನಿಜ ಹೇಳಿದಾಗ ಇವರಲ್ಲಿ ಯಾರು ನಂಬ್ತಾರೆ? ಅಲ್ಲಿ ಎಚ್ಚರಿಕೆ ಹುಸಿಯಾದದ್ದು ವಿಜ್ಞಾನದ ಮಿತಿಯಿಂದ. ನಾನು ಮಾಡಿದ್ದು ಟಿಆರ್‌ಪಿಗಾಗಿ. ಎರಡರ ಫಲ ಮಾತ್ರ ಒಂದೇ, ಕೇಳುವವನ ಕಿವಿ ಕಿವುಡಾಗುತ್ತೆ.

ಕರ್ನಾಟಕಕ್ಕೆ ಅಲಬಾಮಾದಂಥ ಸುಂಟರಗಾಳಿ ಬರುತ್ತೆ ಅಂತ ನಾನು ಹೆದರಿಸುತ್ತಿಲ್ಲ. ನಮ್ಮ ಉಪಖಂಡದಲ್ಲಿ ಅದರ ಭಯ ಇರೋದು ಪೂರ್ವ ದಿಕ್ಕಿಗೆ. 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಸಟೂರಿಯಾ ಭಾಗದಲ್ಲಿ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಸತ್ತರು. ಆದರೆ ಮುಂಗಾರಿಗೆ ಮುಂಚಿನ ಗಾಳಿಗೆ ತಗಡು ಹಾರಿ, ಮರ ಬಿದ್ದು ನಮ್ಮಲ್ಲೂ ಪ್ರತಿ ವರ್ಷ ಜನ ಸಾಯ್ತಾರೆ. ಅಲ್ಲೂ ಪಾಠ ಇದೇ. ಶೀಟಿನ ಮೇಲೆ ಕಲ್ಲು ಹೇರಿದರೆ ಭದ್ರ ಅಂದ್ಕೋಬೇಡಿ. ಶೀಟು ಎದ್ದರೆ ಆ ಕಲ್ಲೇ ತಲೆ ಮೇಲೆ ಬೀಳುತ್ತೆ. ಶೀಟನ್ನು ಅಡ್ಡಪಟ್ಟಿಗೆ ಕೊಕ್ಕೆ ಬೋಲ್ಟ್‌ನಿಂದ, ಅಡ್ಡಪಟ್ಟಿಯನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ಅಂಚಿನಲ್ಲಿ ಮತ್ತು ಮೂಲೆಯಲ್ಲಿ ಬೋಲ್ಟ್ ಹೆಚ್ಚು ಹಾಕಿ, ಗಾಳಿ ಮೊದಲು ಎಬ್ಬಿಸೋದು ಅಲ್ಲೇ. ಗುಡುಗು ಶುರುವಾದರೆ ಮರದ ಕೆಳಗೆ, ಹೋರ್ಡಿಂಗ್ ಪಕ್ಕ ಬೈಕ್ ನಿಲ್ಲಿಸಬೇಡಿ.

ಇದು ನಿಮ್ಮ ಪಾಲು. ನನ್ನ ಪಾಲು ಏನು? ಹವಾಮಾನದ ಸುದ್ದಿ ಓದುವಾಗ ನಾನು ನನಗೇ ಒಂದು ನಿಯಮ ಹಾಕಿಕೊಂಡಿದ್ದೀನಿ. ಯಾವ ತಾಲ್ಲೂಕು, ಎಷ್ಟು ಹೊತ್ತಿಗೆ, ಜನ ಏನು ಮಾಡಬೇಕು, ಈ ಮೂರು ಇಲ್ಲದ ಎಚ್ಚರಿಕೆಯನ್ನು ನಾನು ಕೂಗಲ್ಲ. ಎಡಿಟರ್ ಜೊತೆ ಇದಕ್ಕೆ ಜಗಳವೂ ಆಗಿದೆ. ಕೆಲವು ಸಲ ಸೋತಿದ್ದೀನಿ, ಅದನ್ನೂ ಮುಚ್ಚಿಡಲ್ಲ. ಮುಂದೆ ಯಾವತ್ತಾದರೂ ನಾನು ಮತ್ತೆ ಸುಮ್ಮನೆ ಕೂಗಿದರೆ, ಆ ಟೀ ಅಂಗಡಿಯವನ ಹಾಗೆ ನೀವೂ ಮುಖದ ಮೇಲೆ ಕೇಳಿ. ಆದರೆ ದಯವಿಟ್ಟು, ನಿಜವಾದ ಎಚ್ಚರಿಕೆ ಬಂದ ದಿನ ಬಾಗಿಲಲ್ಲಿ ನಿಂತು ಆಕಾಶ ನೋಡಬೇಡಿ. ಒಳಗೆ ಹೋಗಿ.